ಹಲ್ಲಿನಿಂದ ಮರಕ್ಕೆ ಬಂದ ಬೈರಿಗೆ

ಅಂಗೈಯಲ್ಲಿ ಹಿಡಿಸುವಷ್ಟು ಕಿರಿದಾದ ವಿದ್ಯುದುಪಕರಣವೊಂದರ ತುದಿಗೆ ಗುಲಗಂಜಿ ಗಾತ್ರದ ಉಕ್ಕಿನ ಮೊನೆಯನ್ನು ಬಿಗಿದು, ಅದರ ವೇಗವಾದ ಭ್ರಮಣದಿಂದ ಮರದಲ್ಲಿ ಎಲೆಯನ್ನೋ ಹಕ್ಕಿಯನ್ನೋ ಬಿಡಿಸುವ ಹವ್ಯಾಸವು ಈಗ ಅನೇಕ ದೇಶಗಳಲ್ಲಿ ಪ್ರಚಾರದಲ್ಲಿದೆ. ಈ ಉಪಕರಣವನ್ನು ಇಪ್ಪತ್ತನೆಯ ಶತಮಾನದ ಕಾರ್ಖಾನೆಯ ಸಂತಾನವೆಂದಷ್ಟೇ ಭಾವಿಸಿದರೆ ಅದರ ವಂಶಾವಳಿಯ ಬಹುಭಾಗವನ್ನು ಕೈಬಿಟ್ಟಂತಾಗುತ್ತದೆ. ಏಕೆಂದರೆ ಅದರ ಪೂರ್ವಜರಲ್ಲಿ ಮಣಿಗಾರರೂ ಇದ್ದಾರೆ, ದಂತವೈದ್ಯರೂ ಇದ್ದಾರೆ.

ಬಲೂಚಿಸ್ತಾನದ ಬೋಲಾನ್ ಕಣಿವೆಯ ಸಮೀಪದಲ್ಲಿರುವ ಮೆಹರ್‌ಗಢದ ಪ್ರಾಚೀನ ಸ್ಮಶಾನದಲ್ಲಿ ದೊರೆತ 9 ಮಂದಿ ವಯಸ್ಕರ ಅಸ್ಥಿಗಳಲ್ಲಿ 11 ದವಡೆಹಲ್ಲುಗಳು ಕೊರೆಯಲ್ಪಟ್ಟಿದ್ದುವೆಂದು 2006ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅವುಗಳ ಕಾಲ ಇಂದಿಗೆ 7,500ರಿಂದ 9,000 ವರ್ಷಗಳಷ್ಟು ಹಿಂದಿನದು. ರಂಧ್ರಗಳ ಅಂಚು ಸವೆದಿರುವುದರಿಂದ, ಕೊರೆಸಿಕೊಂಡವರು ಅನಂತರವೂ ಬದುಕಿ ಅದೇ ಹಲ್ಲಿನಿಂದ ಆಹಾರವನ್ನು ಅಗಿದರೆಂದು ತಿಳಿಯುತ್ತದೆ. ಅದೇ ಸ್ಥಳದಲ್ಲಿ ಮಣಿಗಳನ್ನು ಕೊರೆಯಲು ಬಳಸುತ್ತಿದ್ದ ಚಕಮಕಿ ಕಲ್ಲಿನ ಮೊನೆಗಳೂ ಸಿಕ್ಕಿರುವುದರಿಂದ, ಅಲಂಕಾರಕ್ಕಾಗಿ ಬೆಳೆದ ಕೌಶಲವೇ ಚಿಕಿತ್ಸೆಗೂ ಒದಗಿತೆಂಬ ಊಹೆ ಅಸಂಗತವಲ್ಲ. ದಾರವನ್ನು ಸುತ್ತಿ ಹಿಂದುಮುಂದಾಗಿ ಎಳೆದು ಮೊನೆಯನ್ನು ತಿರುಗಿಸುವ ನಮ್ಮ ಬಡಗಿಯ ಬೈರಿಗೆಯೂ ಈ ಪ್ರಾಚೀನ ಕುಲಕ್ಕೆ ಸೇರಿದ್ದೇ.

ಅಲ್ಲಿಂದ ಬಹುಕಾಲ ಈ ವಿದ್ಯೆ ತೋಳಿನ ಬಲಕ್ಕೆ ಅಧೀನವಾಗಿಯೇ ಉಳಿಯಿತು. ಅಮೆರಿಕದ ಜಾರ್ಜ್ ವಾಷಿಂಗ್ಟನ್ನರ ದಂತವೈದ್ಯನಾಗಿದ್ದ ಜಾನ್ ಗ್ರೀನ್‌ವುಡ್ 1790ರ ಸುಮಾರಿಗೆ ತನ್ನ ತಾಯಿಯ ನೂಲುವ ರಾಟೆಯನ್ನೇ ಮಾರ್ಪಡಿಸಿ ಕಾಲಿನಿಂದ ತುಳಿಯುವ ಕೊರೆಯಂತ್ರವನ್ನು ಮಾಡಿಕೊಂಡನೆಂಬುದು ಪ್ರಸಿದ್ಧವಾದ ವಿಷಯ. 1871ರಲ್ಲಿ ಜೇಮ್ಸ್ ಮಾರಿಸನ್ ಎಂಬವನು ತುಳಿಯಂತ್ರಕ್ಕೆ ಸ್ವಾಮ್ಯಹಕ್ಕು ಪಡೆದನು. 1875ರಲ್ಲಿ ಮಿಷಿಗನ್ ಪ್ರಾಂತದ ಜಾರ್ಜ್ ಗ್ರೀನ್ ವಿದ್ಯುತ್ತಿನಿಂದ ತಿರುಗುವ ದಂತಯಂತ್ರವನ್ನು ನಿರ್ಮಿಸಿದನು. ಅಕ್ಕಸಾಲಿಗರು ನೇತುಹಾಕಿದ ಮೋಟಾರಿನಿಂದ ಬಳುಕುವ ದಂಡದ ಮೂಲಕ ಚಲನೆಯನ್ನು ಕೈಹಿಡಿಗೆ ತಂದುಕೊಂಡರು. ಕಡೆಗೆ, ಆಸ್ಟ್ರಿಯಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ರಸೀನ್ ಪಟ್ಟಣದಲ್ಲಿ ಉದ್ಯಮವನ್ನು ಸ್ಥಾಪಿಸಿ, ಕೆಲವೇ ವರ್ಷಗಳಲ್ಲಿ ಮೋಟಾರನ್ನೇ ಹಿಡಿಯೊಳಗೆ ಅಡಗಿಸಿದ ‘ಮೋಟೋ-ಟೂಲ್’ ಎಂಬ ಉಪಕರಣವನ್ನು ಮಾರುಕಟ್ಟೆಗೆ ತಂದನು. ಕುಶಲಿಯ ಕೈಯಿಂದ ವೈದ್ಯನ ಕೈಗೆ ಹೋಗಿದ್ದ ವಿದ್ಯೆ ಹೀಗೆ ಕುಶಲಿಯ ಬಳಿಗೆ ಹಿಂದಿರುಗಿತು. ಈ ಪುನರಾಗಮನವೇ ಇದರ ಚರಿತ್ರೆಯಲ್ಲಿ ನನಗೆ ಅತ್ಯಂತ ಹೃದ್ಯವಾದ ಅಂಶ.

ಇದರಿಂದ ಕೆತ್ತನೆಯಲ್ಲಿ ಉಂಟಾದ ವ್ಯತ್ಯಾಸ ಸಾಮಾನ್ಯವಾದುದಲ್ಲ. ಉಳಿಯನ್ನು ಹಿಡಿದವನು ಮರದ ಎಳೆ ಯಾವ ಕಡೆಗೆ ಹರಿದಿದೆಯೆಂಬುದನ್ನು ಪ್ರತಿ ಏಟಿನಲ್ಲಿಯೂ ಗಮನಿಸಬೇಕು. ಎಳೆಗೆ ವಿರುದ್ಧವಾಗಿ ಹೋದರೆ ಒಂದು ಕ್ಷಣದಲ್ಲಿ ಮೂಗೋ ಕಿವಿಯೋ ಸಿಡಿದು ಬೀಳುತ್ತದೆ. ಚನ್ನಪಟ್ಟಣದ ಚರಕಿಯಲ್ಲಿ ಉಳಿ ನಿಶ್ಚಲವಾಗಿದ್ದು ಮರವೇ ತಿರುಗುವುದರಿಂದ, ಎಷ್ಟು ಸುಂದರವಾದರೂ ದುಂಡನೆಯ ರೂಪಗಳಿಗೇ ಅದರ ಪ್ರಭುತ್ವ. ಇಲ್ಲಿಯಾದರೋ ನಿಮಿಷಕ್ಕೆ 5,000ದಿಂದ 35,000 ಸುತ್ತು ತಿರುಗುವ ಮೊನೆಯ ಹಲ್ಲುಗಳು ಒಂದೊಂದೂ ಅಣುಮಾತ್ರವನ್ನಷ್ಟೇ ತೆಗೆಯುವುದರಿಂದ, ಎಳೆಯ ದಿಕ್ಕು ಬಹುಮಟ್ಟಿಗೆ ಅಡ್ಡಿಯಾಗದು. ತೋಳಿನ ಬಲವೂ ಬೇಕಿಲ್ಲ. ಆದುದರಿಂದಲೇ ಎಂದೂ ಉಳಿ ಹಿಡಿಯದವರೂ ಮೊದಲ ಸಂಜೆಯಲ್ಲಿಯೇ ಒಂದು ಎಲೆಯ ನರವನ್ನು ಬಿಡಿಸಿ ಹರ್ಷಪಡುತ್ತಾರೆ, ಮತ್ತು ಆ ಹರ್ಷವನ್ನು ಅಗ್ಗದ್ದೆಂದು ಹಳಿಯುವವರೊಡನೆ ನಾನು ಸರ್ವಥಾ ಸಮ್ಮತಿಸಲಾರೆ. ಕಲಿಯಬೇಕಾದುದು ಇಲ್ಲಿಯೂ ಉಂಟು: ಒತ್ತಿದರೆ ಮೋಟಾರಿನ ದನಿ ಕುಗ್ಗುತ್ತದೆ, ಒಂದೆಡೆ ನಿಂತರೆ ಮರ ಕರಿದಾಗಿ ಸುಟ್ಟ ವಾಸನೆ ಏಳುತ್ತದೆ, ಸೂಕ್ಷ್ಮವಾದ ಧೂಳು ಶ್ವಾಸಕ್ಕೆ ಹೋಗದಂತೆ ಮೂಗುಬಾಯಿಗಳನ್ನು ಮುಚ್ಚಿಕೊಳ್ಳಲೇಬೇಕು.

ಈ ಉಪಕರಣದ ಸಾಮರ್ಥ್ಯವನ್ನು ಪರಾಕಾಷ್ಠೆಗೆ ಒಯ್ದವರಲ್ಲಿ ಅಮೆರಿಕದ ಹಕ್ಕಿಗೆತ್ತನೆಗಾರರು ಪ್ರಮುಖರು. ಬಾತುಗಳನ್ನು ಮರುಳುಮಾಡಲು ಬೇಟೆಗಾರರು ನೀರಿನಲ್ಲಿ ತೇಲಿಬಿಡುತ್ತಿದ್ದ ಮರದ ಹಕ್ಕಿಗಳೇ ಆ ಕಲೆಯ ಮೂಲ. 1918ರ ವಲಸೆಹಕ್ಕಿಗಳ ಶಾಸನದಿಂದ ಮಾರಾಟದ ಬೇಟೆ ನಿಂತಿತು. ಕಾಲಕ್ರಮದಲ್ಲಿ ಬೇಟೆಯ ಸಾಧನವು ಪ್ರದರ್ಶನದ ಶಿಲ್ಪವಾಯಿತು. ಮೇರಿಲ್ಯಾಂಡ್ ಪ್ರಾಂತದ ಕ್ರಿಸ್‌ಫೀಲ್ಡ್ ಎಂಬ ಊರಿನಲ್ಲಿ ಕ್ಷೌರವೃತ್ತಿಯವರಾಗಿದ್ದ ಲೆಮ್ ಮತ್ತು ಸ್ಟೀವ್ ವಾರ್ಡ್ ಸಹೋದರರು ಈ ಪರಿವರ್ತನೆಯ ಅಗ್ರಗಣ್ಯರು. ಅನಂತರ ಬಂದವರು ಲೂಯಿಸಿಯಾನದ ಜೌಗುನೆಲದಲ್ಲಿ ಬೆಳೆಯುವ ಟ್ಯೂಪೆಲೋ ಮರದ ಮೇಲೆ, ಸಾಣೆಕಲ್ಲಿನ ಚಿಕ್ಕ ಮೊನೆಗಳಿಂದ, ಗರಿಯ ಒಂದೊಂದು ಎಳೆಯನ್ನೂ ಗೆರೆಗೆರೆಯಾಗಿ ಮೂಡಿಸಿದರು. ಮೃದುವಾಗಿದ್ದೂ ಯಂತ್ರದಡಿ ಅಷ್ಟಾಗಿ ನಾರು ಏಳದ ಗುಣದಿಂದ ಆ ಮರಕ್ಕೆ ಈ ಗೌರವ ಸಂದಿತು.

ದಂತವೈದ್ಯರಾದರೋ 1957ರ ಅನಂತರ ಗಾಳಿಯ ಒತ್ತಡದಿಂದ ನಿಮಿಷಕ್ಕೆ 3,00,000 ಸುತ್ತಿನಷ್ಟು ತಿರುಗುವ ಯಂತ್ರಕ್ಕೆ ಸರಿದರು. ಕೆತ್ತನೆಗಾರರು ಅದನ್ನೂ ಬಿಡಲಿಲ್ಲ. ಅದೇ ಬಗೆಯ ಗಾಳಿಯಂತ್ರಗಳಿಂದ ಈಗ ಮೊಟ್ಟೆಯ ಚಿಪ್ಪಿನ ಮೇಲೂ ಜಾಲಂದ್ರದ ಕೆಲಸ ನಡೆಯುತ್ತಿದೆ, ಮತ್ತು ವೈದ್ಯರು ಬಳಸಿ ಬದಿಗಿಟ್ಟ ಮೊನೆಗಳನ್ನು ಕೇಳಿ ತಂದು ಮರಕ್ಕೆ ಹೂಡುವ ಹವ್ಯಾಸಿಗಳೂ ಉಂಟು.