ಅಕ್ಷರ ಯಾವುದು: ಕಂಡದ್ದೋ, ಕೇಳಿದ್ದೋ?

ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ ಮೊದಲು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಅಕ್ಷರವೆಂದರೆ ಕೈಬರಹದ ಚಿತ್ರ, ಅಷ್ಟೆ. ಸೀಸದ ಮೊಳೆಗಳು ಬಂದ ಮೇಲೂ ಈ ಭಾವನೆ ಬದಲಾಗಲಿಲ್ಲ. ‘ಕ’ ಒಂದು ಮೊಳೆ, ‘ಕಿ’ ಇನ್ನೊಂದು, ಒತ್ತುಗಳಿಗೆ ಬೇರೆಯೇ ಮೊಳೆಗಳು. ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳ ಪೆಟ್ಟಿಗೆ. ಬೆರಳಚ್ಚು ಯಂತ್ರದಲ್ಲಿ ಅಷ್ಟೊಂದು ಕೀಲಿಗಳಿಗೆ ಜಾಗವೆಲ್ಲಿ? ಅಲ್ಲಿ ಅಕ್ಷರವನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡರಿಸಿ ಕಾಗದದ ಮೇಲೆ ಮತ್ತೆ ಕೂಡಿಸಬೇಕಾಯಿತು.

ಗಣಕಯಂತ್ರ ಬಂದಾಗ ಈ ಹಳೆಯ ಅಭ್ಯಾಸವೂ ಅದರೊಳಗೆ ನುಗ್ಗಿತು. ಅಕ್ಷರಶೈಲಿ ತಯಾರಿಸಿದವರು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತಮಗೆ ತೋಚಿದಂತೆ ಕೂರಿಸಿದರು. ಅಚ್ಚಿನ ಪುಟ ಅಂದವಾಗಿಯೇ ಬರುತ್ತಿತ್ತು. ಆದರೆ ಅದೇ ಬರಹವನ್ನು ಇನ್ನೊಬ್ಬರ ಯಂತ್ರಕ್ಕೆ ಕೊಟ್ಟರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ!

ಕೆ.ಪಿ. ರಾವ್ ಅವರು 1980ರ ದಶಕದ ಕೊನೆಗೆ ಹಿಡಿದ ದಾರಿಯೇ ಬೇರೆ. ಕಾಗುಣಿತ ಕಲಿಯುವ ಮಗು ‘ಕ್’ಗೆ ‘ಇ’ ಸೇರಿದರೆ ‘ಕಿ’ ಎಂದು ಹೇಳುತ್ತದಲ್ಲವೆ? ಯಂತ್ರಕ್ಕೂ ಅದನ್ನೇ ಕಲಿಸಿದರೆ ಸಾಕು. ಬೆರಳಿಗೆ ಉಚ್ಚಾರಣೆಯ ಕ್ರಮ, ಆಕಾರದ ಚಿಂತೆ ಯಂತ್ರಕ್ಕೆ. ‘ಸ್ತ್ರೀ’ ಎಂದು ಬರೆಯಲು ಸ, ತ, ರ ಕೀಲಿಗಳನ್ನು ಒತ್ತಿ, ನಡುವೆ ಎರಡು ಸಲ ಕೂಡಿಸುವ ಕೀಲಿ, ಕೊನೆಗೆ ಈಕಾರ. ಒಟ್ಟು ಆರು ಬಡಿತ. ಒತ್ತುಗಳೆಲ್ಲ ತಾವಾಗಿಯೇ ಕೆಳಗಿಳಿಯುತ್ತವೆ. ಈ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಹಣ ಕೇಳದೆ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೂ ಇದೇ ಆಧಾರ.

ಭಾರತೀಯ ಲಿಪಿಗಳ ಸಂಕೇತ ಪದ್ಧತಿಯಾದ ‘ಇಸ್ಕಿ’ ಕೂಡ ಉಚ್ಚಾರಣೆಯ ಕ್ರಮವನ್ನೇ ಹಿಡಿದಿತ್ತು. ಅದರ 1988ರ ರೂಪವನ್ನು ಆಧರಿಸಿ 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಹಾಗೆಂದು ಮರುದಿನವೇ ಎಲ್ಲವೂ ಸರಿಹೋಗಲಿಲ್ಲ. ಜನಬಳಕೆಯ ಯಂತ್ರಗಳು ಯೂನಿಕೋಡ್ ಕನ್ನಡವನ್ನು ತೋರಿಸಲು 2001ರ ವಿಂಡೋಸ್ ಎಕ್ಸ್‌ಪಿವರೆಗೆ ಕಾಯಬೇಕಾಯಿತು. ಆ ನಡುವೆ, 1998ರಲ್ಲಿ, ಶೇಷಾದ್ರಿವಾಸು ಅವರ ‘ಬರಹ’ ಬಂದು ಮನೆಮನೆಯ ಗಣಕದಲ್ಲಿ ಕನ್ನಡ ಮೂಡಿಸಿತು.

ಆದರೆ ಆ ಹತ್ತು ವರ್ಷಗಳಿಗೆ ಕನ್ನಡ ತೆತ್ತ ಬೆಲೆ ಸಣ್ಣದಲ್ಲ. ಆಗ ಅಚ್ಚಿಗಾಗಿ ಕಂಪೋಸ್ ಆದ ಪುಸ್ತಕಗಳು, ಪತ್ರಿಕೆಯ ಪುಟಗಳು ಆಯಾ ಅಕ್ಷರಶೈಲಿಯ ಸಂಕೇತಗಳಲ್ಲೇ ಸಿಕ್ಕಿಕೊಂಡವು. ಪರಿವರ್ತಿಸುವ ಸಾಧನವಿಲ್ಲದೆ ಅವುಗಳಲ್ಲಿ ಒಂದು ಪದ ಹುಡುಕುವುದೂ ಅಸಾಧ್ಯ. ಕಲ್ಲಚ್ಚಿನ ಹಾಳೆ ಉಳಿದಿದ್ದರೆ ಅದನ್ನು ಕಣ್ಣಿನಿಂದಲೇ ಓದಬಹುದು. ಇವುಗಳಿಗೆ ಆ ಭಾಗ್ಯವೂ ಇಲ್ಲ. ಉಚ್ಚಾರಣೆಯ ಕ್ರಮದಲ್ಲಿ ಬರೆದಿಟ್ಟದ್ದಾದರೋ ಯಾವ ಯಂತ್ರಕ್ಕೆ ಹೋದರೂ ಕನ್ನಡವೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದು ಈ ನೆಲೆಯ ಮೇಲೆ.

ಹೊಸ ಏರ್ಪಾಡಿನಲ್ಲೂ ಎಡವಟ್ಟುಗಳಿಲ್ಲದಿಲ್ಲ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಬಿದ್ದ ಹೆಸರು ‘ಫ’! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ ಸರಿಯಾದ ಹೆಸರನ್ನು ಅಡಿಟಿಪ್ಪಣಿಯಂತೆ ಪಕ್ಕದಲ್ಲಿ ಸೇರಿಸಿದ್ದಾರೆ. ಪಂಪನ ಕಾಲದ ಆ ಅಕ್ಷರ ಪಟ್ಟಿಯಲ್ಲಿ ಇನ್ನೂ ‘ಫ’ ಎಂದೇ ಕುಳಿತಿದೆ.