ಮಂಗ ಎಂಬ ದಾಯಾದಿ

ಮನುಷ್ಯನ ವಿಕಾಸದ ಪ್ರಸ್ತಾಪ ಬಂದಾಗಲೆಲ್ಲ ಭಾಷಣಕಾರರ ನಾಲಗೆಯ ಮೇಲೆ ‘ಮಂಗನಿಂದ ಮಾನವ’ ಎಂಬ ಮಾತು ತಾನಾಗಿ ಬಂದು ಕೂರುತ್ತದೆ; ಪ್ರಾಸದ ಸೊಗಸಿಗೆ ಸೋತು ಅರ್ಥವನ್ನು ಕೈಬಿಟ್ಟ ಈ ಪ್ರಯೋಗವನ್ನು ತಿಳಿದವರೂ ತಿದ್ದದೆ ಬಿಡುತ್ತಿರುವುದು ಖೇದದ ಸಂಗತಿ. ಈಗ ಬದುಕಿರುವ ಯಾವುದೇ ಮಂಗವನ್ನು ಮನುಷ್ಯನ ಮೂಲಪುರುಷನೆಂದು ಭಾವಿಸಬಾರದೆಂದು ಡಾರ್ವಿನ್ 1871ರಲ್ಲಿಯೇ ಎಚ್ಚರಿಸಿದ್ದ. ನಮ್ಮಲ್ಲಿ ಕಾಣುವ ಬಾಲವುಳ್ಳ ಮಂಗಗಳ ಕವಲೂ, ಚಿಂಪಾಂಜಿ, ಗೊರಿಲ್ಲಾ, ಮನುಷ್ಯರನ್ನು ಒಳಗೊಂಡ ಬಾಲವಿಲ್ಲದ ವಾನರಗಳ ಕವಲೂ ಸುಮಾರು ಎರಡೂವರೆಯಿಂದ ಮೂರು ಕೋಟಿ ವರ್ಷಗಳ ಹಿಂದೆ ಒಂದೇ ಮೂಲದಿಂದ ಬೇರೆಯಾದವು. ಒಬ್ಬ ಹಿರಿಯನ ಸಂತಾನವಾಗಿದ್ದು ಪಾಲಾಗಿ ಹೋದವರನ್ನು ಕನ್ನಡ ದಾಯಾದಿಗಳೆನ್ನುತ್ತದೆ. ಮಂಗ ಮನುಷ್ಯನಿಗೆ ಅಜ್ಜನಲ್ಲ, ದಾಯಾದಿ.

ಈ ದಾಯಾದಿಯನ್ನು ಕನ್ನಡಿಗರು ಎಷ್ಟು ಹತ್ತಿರದಿಂದ ನೋಡಿದ್ದರೆಂಬುದಕ್ಕೆ ‘ಮಂಗನಬಾವು’ ಎಂಬ ರೋಗದ ಹೆಸರೇ ಸಾಕ್ಷಿ. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಊದಿಕೊಂಡು ಕೆನ್ನೆ ಉಬ್ಬುವ ಈ ಕಾಯಿಲೆಗೆ ಹೆಸರಿಟ್ಟವರ ಕಣ್ಣ ಮುಂದೆ ಇದ್ದದ್ದು ಕಪ್ಪು ಮೋರೆಯ ಮುಸುವವಲ್ಲ, ತೋಟಕ್ಕೆ ನುಗ್ಗುವ ಕೆಂಪು ಮೋರೆಯ ಮಂಗವೇ ಆಗಿರಬೇಕು. ಕಾರಣ, ಸಿಕ್ಕಿದ್ದನ್ನು ಅವಸರದಲ್ಲಿ ತುಂಬಿಕೊಂಡು ಆಮೇಲೆ ನಿಧಾನವಾಗಿ ಅಗಿಯಲು ಬೇಕಾದ ಕೆನ್ನೆಚೀಲ ಈ ಮಂಗಕ್ಕುಂಟು. ಎಲೆ ತಿಂದು ಬದುಕುವ ಮುಸುವಕ್ಕೂ ಅದಿಲ್ಲ, ಚಿಂಪಾಂಜಿಗೂ ಮನುಷ್ಯನಿಗೂ ಇಲ್ಲ.

ಆದರೆ ಈ ಪ್ರಾಣಿಯ ಕುರಿತು ಕನ್ನಡ ಆಡಿರುವ ಅತ್ಯಂತ ಆಳವಾದ ಮಾತು, ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆ. ಇದನ್ನು ಇಂದು ರಾಜಕೀಯ ಟೀಕೆಗೆ ಮಾತ್ರ ಮೀಸಲಿಟ್ಟು ಸವೆಸಲಾಗಿದೆ. ಗಾದೆಯೊಳಗಿನ ಘಟನೆಯನ್ನು ಬಿಡಿಸಿ ನೋಡಬೇಕು: ಗಡಿಗೆ ಬರಿದಾಗಿದೆ, ಹಗ್ಗಕ್ಕೆ ಕಟ್ಟಿದ ಮೇಕೆಯ ಗಡ್ಡದಲ್ಲಿ ಬಿಳಿಯ ಮೊಸರು ಅಂಟಿದೆ, ಕೋತಿ ಹೆಂಚಿನ ಮೇಲಿದೆ. ಮನೆಯೊಡತಿ ಬರುತ್ತಾಳೆಂದು ಕೋತಿ ಬಲ್ಲದು. ಆಕೆ ಮೇಕೆಯ ಬಾಯಿಯನ್ನು ನೋಡುತ್ತಾಳೆಂದೂ ಬಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ, ನೋಡಿದ ಮೇಲೆ ಸುಳ್ಳೊಂದನ್ನು ನಿಜವೆಂದು ನಂಬುತ್ತಾಳೆಂದೂ ಬಲ್ಲದು. ಪರರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವ ಈ ಶಕ್ತಿಯ ಬಗ್ಗೆ ಪ್ರಾಣಿವರ್ತನೆಯ ವಿಜ್ಞಾನಿಗಳು ದಶಕಗಳಿಂದ ಚರ್ಚಿಸುತ್ತಿದ್ದಾರೆ. ಪೋರ್ಟೊರಿಕೊ ಬಳಿಯ ಕಾಯೊ ಸಾಂಟಿಯಾಗೊ ದ್ವೀಪದ ರೀಸಸ್ ಮಂಗಗಳು, ತಮ್ಮನ್ನು ನೋಡುತ್ತಿರುವವನನ್ನು ಬಿಟ್ಟು, ನೋಡಲಾಗದಂತೆ ನಿಂತವನ ಬಳಿಯಿಂದಲೇ ದ್ರಾಕ್ಷಿ ಕದಿಯುತ್ತವೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು; ಇದು ಗಾದೆಯ ಎರಡನೆಯ ಮೆಟ್ಟಿಲು, ಅಂದರೆ ಇನ್ನೊಬ್ಬರು ಏನನ್ನು ನೋಡುತ್ತಾರೆಂದು ಅರಿಯುವುದು. ಮೂರನೆಯದು, ಅಂದರೆ ಇನ್ನೊಬ್ಬರ ತಪ್ಪು ನಂಬಿಕೆಯನ್ನು ಮುಂಗಾಣುವುದು, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ಗಳಿಗೆ ಸಾಧ್ಯವೆನ್ನುವ ಪುರಾವೆ ಅವುಗಳ ಕಣ್ಣಿನ ಚಲನೆಯನ್ನು ಅಳೆದ ಪ್ರಯೋಗದಿಂದ 2016ರಲ್ಲಿ ದೊರೆಯಿತು. ಪ್ರಯೋಗಾಲಯ ತಡವಾಗಿ ಕೈಹಾಕಿದ ಪ್ರಶ್ನೆಯನ್ನು ಹಟ್ಟಿಯಲ್ಲಿ ಕುಳಿತು ಒಂದೇ ವಾಕ್ಯದಲ್ಲಿ ಹಿಡಿದವರ ಬುದ್ಧಿ ದೊಡ್ಡದು.

ಇಂಥ ಸೂಕ್ಷ್ಮ ಕಣ್ಣಿನ ಭಾಷೆಯಲ್ಲಿಯೇ ‘ಮಂಗನ ಕಾಯಿಲೆ’ ಎಂಬ ಹೆಸರು ರೂಢಿಯಾದದ್ದು ಅನ್ಯಾಯ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ರೋಗದ ವೈರಸ್ಸನ್ನು ಮೈಗೆ ದಾಟಿಸುವುದು ಉಣುಗು, ಅಂದರೆ ರಕ್ತ ಹೀರುವ ಕಾಡಿನ ಉಣ್ಣೆ. ವೈರಸ್ ಹೊತ್ತ ಉಣುಗು ಕಚ್ಚಿದರೆ ಮಂಗವೂ ಮುಸುವವೂ ಮನುಷ್ಯನಂತೆಯೇ ಜ್ವರದಿಂದ ನರಳುತ್ತವೆ, ಸಾಯುವುದೂ ಉಂಟು. ಇಲ್ಲಿ ಮೊಸರನ್ನು ಒರೆಸಿದವನು ಮನುಷ್ಯ, ಒರೆಸಿಕೊಂಡದ್ದು ಮಂಗ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಸುತ್ತಲಿನ ನೆಲದಲ್ಲಿ ಉಳಿಯುವುದರಿಂದ, ಮಲೆನಾಡಿನ ಕಾಡಂಚಿನಲ್ಲಿ ಮಂಗ ಸತ್ತುಬಿದ್ದುದನ್ನು ಕಂಡವರು ಹತ್ತಿರ ಹೋಗದೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.