ಕಂಠದ ಒಡೆತನ: ‘ಜೈಲ್‌ಹೌಸ್ ರಾಕ್’ (1957) ಚಿತ್ರದ ಕಥೆ ಮತ್ತು ಅದರ ಹಾಡುಗಳ ಚರಿತ್ರೆ

ಎಲ್ವಿಸ್ ಪ್ರೆಸ್ಲಿ ನಾಯಕರಾಗಿ ನಟಿಸಿದ ‘ಜೈಲ್‌ಹೌಸ್ ರಾಕ್’ ಕುರಿತ ಬರವಣಿಗೆಯೆಲ್ಲ ಬಹುಮಟ್ಟಿಗೆ ಒಂದೇ ದೃಶ್ಯವನ್ನು ಸುತ್ತುವರಿದಿದೆ. ಎರಡು ಅಂತಸ್ತಿನ ಸೆರೆಕೋಣೆಗಳ ರಂಗಸಜ್ಜಿಕೆ, ಕಂಬ ಹಿಡಿದು ಜಾರಿ ಇಳಿಯುವ ಕೈದಿಗಳು, ನಡುವೆ ಮೊಣಕಾಲು ತಿರುಚಿ ಕುಣಿಯುವ ನಾಯಕ. ಆ ದೃಶ್ಯಕ್ಕೆ ಅಷ್ಟು ಗಮನ ಸಲ್ಲಬೇಕಾದದ್ದೇ. ಆದರೆ ಅದರ ಹೊಳಪಿನಲ್ಲಿ ಚಿತ್ರದ ಮುಖ್ಯ ವಸ್ತು ಕಣ್ಮರೆಯಾಗಿದೆ. ಒಬ್ಬ ಮನುಷ್ಯನ ಕಂಠ ರೆಕಾರ್ಡಾಗುವುದು, ಆ ರೆಕಾರ್ಡು ಮಾರಾಟದ ಸರಕಾಗುವುದು, ಆ ಸರಕಿನ ಒಡೆತನಕ್ಕೆ ಜಗಳ ಹುಟ್ಟುವುದು: ಇಡೀ ಚಿತ್ರ ಕಟ್ಟಿಕೊಂಡಿರುವುದು ಇದರ ಮೇಲೆ. ಈ ಕಥೆಯನ್ನು ಅದರ ಹಾಡುಗಳು ನಿಜಜೀವನದಲ್ಲಿ ಹುಟ್ಟಿ ಮಾರಾಟವಾದ ಚರಿತ್ರೆಯ ಪಕ್ಕದಲ್ಲಿಟ್ಟು ಓದಬೇಕು. ಹಾಗೆ ಓದಿದಾಗ ಚಿತ್ರ ಹೇಳುವುದೇನು, ಮುಚ್ಚಿಡುವುದೇನು ಎರಡೂ ಕಾಣುತ್ತವೆ.

ಕಥೆಯ ಎಳೆ ಸರಳ. ಬಾರೊಂದರ ಹೊಡೆದಾಟದಲ್ಲಿ ಒಬ್ಬನ ಸಾವಿಗೆ ಕಾರಣನಾಗಿ ವಿನ್ಸ್ ಎವೆರೆಟ್ ಜೈಲು ಸೇರುತ್ತಾನೆ. ಅದೇ ಕೋಣೆಯಲ್ಲಿರುವ ಹಳೆಯ ಗಾಯಕ ಹಂಕ್ ಹೌಟನ್ ಅವನಿಗೆ ಗಿಟಾರ್ ಕಲಿಸುತ್ತಾನೆ. ಜೈಲಿನ ಕಾರ್ಯಕ್ರಮವೊಂದು ಟೆಲಿವಿಷನ್ನಿನಲ್ಲಿ ಪ್ರಸಾರವಾಗಿ ವಿನ್ಸ್‌ಗೆ ಅಭಿಮಾನಿಗಳ ಪತ್ರಗಳು ರಾಶಿಯಾಗಿ ಬರುತ್ತವೆ. ಅವು ಅವನ ಕೈ ಸೇರದಂತೆ ನೋಡಿಕೊಂಡ ಹಂಕ್, ಮುಂದಿನ ಗಳಿಕೆಯಲ್ಲಿ ಸಮಪಾಲು ಬರೆಸಿಕೊಳ್ಳುತ್ತಾನೆ. ಬಿಡುಗಡೆಯಾದ ಮೇಲೆ ವಿನ್ಸ್ ಪೆಗಿ ಎಂಬವಳ ನೆರವಿನಿಂದ ಸ್ಟುಡಿಯೊದಲ್ಲಿ ಹಾಡು ಮುದ್ರಿಸುತ್ತಾನೆ. ಅದನ್ನು ಕೇಳಿದ ‘ಜಿನೀವಾ’ ಎಂಬ ಕಂಪನಿ ಅದೇ ಹಾಡನ್ನು, ಅದೇ ಶೈಲಿಯಲ್ಲಿ, ತನ್ನ ಹೆಸರಾಂತ ಗಾಯಕನಿಂದ ಹಾಡಿಸಿ ಮಾರುಕಟ್ಟೆಗೆ ಬಿಡುತ್ತದೆ. ಸಿಟ್ಟಾದ ವಿನ್ಸ್ ಮತ್ತು ಪೆಗಿ ‘ಲಾರೆಲ್’ ಎಂಬ ಸ್ವಂತ ಕಂಪನಿ ತೆರೆಯುತ್ತಾರೆ. ಅಲ್ಲಿಂದಾಚೆಗೆ ಯಶಸ್ಸು, ಅಹಂಕಾರ, ಗಂಟಲಿಗೆ ಬೀಳುವ ಪೆಟ್ಟು, ಪಶ್ಚಾತ್ತಾಪ. ಈ ಕೊನೆಯ ಭಾಗ ಅಂದಿನ ಹಾಲಿವುಡ್ಡಿನ ಸಿದ್ಧ ಅಚ್ಚಿನದು. ಅದನ್ನು ಇಲ್ಲಿಗೇ ಬಿಡುತ್ತೇನೆ.

ಎಂ.ಜಿ.ಎಂ. ಸಂಸ್ಥೆಗಾಗಿ ಪಾಂಡ್ರೊ ಬರ್ಮನ್ ನಿರ್ಮಿಸಿ ರಿಚರ್ಡ್ ಥಾರ್ಪ್ ನಿರ್ದೇಶಿಸಿದ ಈ ಚಿತ್ರ ಪ್ರೆಸ್ಲಿಯವರ ಮೂರನೆಯದು. ಚಿತ್ರಕಥೆ ಗೈ ಟ್ರಾಸ್ಪರ್ ಅವರದು, ಮೂಲಕಥೆ ನೆಡ್ ಯಂಗ್ ಅವರದು. ಎಡಪಂಥೀಯರೆಂಬ ಶಂಕೆಯಲ್ಲಿ ಹಾಲಿವುಡ್ ಕೆಲಸ ಕೊಡದೆ ದೂರವಿಟ್ಟಿದ್ದ ಲೇಖಕರಲ್ಲಿ ಯಂಗ್ ಒಬ್ಬರು. ಮರುವರ್ಷ ಬಂದ ‘ದಿ ಡಿಫಯಂಟ್ ಒನ್ಸ್’ ಚಿತ್ರವನ್ನು ಅವರು ಬೇರೆ ಹೆಸರಿನಲ್ಲಿ ಬರೆಯಬೇಕಾಯಿತು, ಆ ಹೆಸರಿಗೇ ಆಸ್ಕರ್ ಬಂತು. ತನ್ನ ಕೆಲಸದ ಮೇಲಿನ ಹಕ್ಕು ಕಳೆದುಕೊಳ್ಳುವುದು ಏನೆಂದು ಬಲ್ಲ ಲೇಖಕನ ಕಥೆಯಿದು ಎಂಬುದನ್ನು ಓದುವಾಗ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹಾಡುಗಳಿಗೆ ಬರೋಣ. ಶೀರ್ಷಿಕೆಗೀತೆಯೂ ಸೇರಿ ನಾಲ್ಕು ಹಾಡುಗಳನ್ನು ಬರೆದವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್. ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ತಂಗಿದ್ದ ಇಬ್ಬರೂ ಹಾಡು ಕೊಡದೆ ಊರು ಸುತ್ತುತ್ತಿದ್ದರು. ಹಾಡಿನ ಪ್ರಕಾಶಕ ಜೀನ್ ಅಬರ್‌ಬಾಖ್ ಬಾಗಿಲಿಗೆ ಅಡ್ಡಲಾಗಿ ಸೋಫಾ ಎಳೆದು ಕೂತರು, ಒಂದೇ ಮಧ್ಯಾಹ್ನದಲ್ಲಿ ನಾಲ್ಕೂ ಹಾಡು ಮುಗಿದವು ಎಂದು ಆ ಜೋಡಿ ಮುಂದೆ ಹೇಳಿಕೊಂಡಿದೆ. ಈ ಪ್ರಸಂಗವನ್ನು ತಮಾಷೆಗಾಗಿಯೇ ಉಲ್ಲೇಖಿಸುವುದು ವಾಡಿಕೆ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅವರ ಹಿಂದಿನ ಕೆಲಸ. ಲೀಬರ್ ಮತ್ತು ಸ್ಟೋಲರ್ ಬಿಳಿಯ ಯೆಹೂದಿ ತರುಣರು, ಆದರೆ ಬರೆಯುತ್ತಿದ್ದುದು ಕಪ್ಪು ಗಾಯಕರಿಗಾಗಿ, ರಿದಮ್ ಅಂಡ್ ಬ್ಲೂಸ್ ಪರಂಪರೆಯಲ್ಲಿ. 1954ರಲ್ಲಿ ‘ದಿ ರಾಬಿನ್ಸ್’ ತಂಡಕ್ಕೆ ಅವರು ಕೊಟ್ಟ ‘ರಯಟ್ ಇನ್ ಸೆಲ್ ಬ್ಲಾಕ್ ನಂಬರ್ ನೈನ್’ ಜೈಲಿನ ಗಲಭೆಯನ್ನು ನಾಟಕದಂತೆ ಹೇಳುವ ಹಾಸ್ಯಗೀತೆ. ‘ಜೈಲ್‌ಹೌಸ್ ರಾಕ್’ ಅದರ ನೇರ ಸಂತತಿ. ಎರಡರಲ್ಲೂ ವಾದ್ಯಗಳು ಒಮ್ಮೆ ಹೊಡೆದು ನಿಲ್ಲುತ್ತವೆ, ಆ ಬಿಡುವಿನಲ್ಲಿ ಕಥೆ ಹೇಳುವ ಕಂಠ ಒಂಟಿಯಾಗಿ ಮುಂದೆ ಬರುತ್ತದೆ.

‘ರಯಟ್’ ಹೊರಬಂದದ್ದು ‘ಸ್ಪಾರ್ಕ್’ ಕಂಪನಿಯಿಂದ. ಲೆಸ್ಟರ್ ಸಿಲ್ ಜೊತೆಗೂಡಿ ಲೀಬರ್ ಮತ್ತು ಸ್ಟೋಲರ್ ತಾವೇ ಕಟ್ಟಿದ ಸಣ್ಣ ಕಂಪನಿ ಅದು. ಅಲ್ಲಿ ಒಳ್ಳೆಯ ರೆಕಾರ್ಡುಗಳಿಗೆ ಕೊರತೆಯಿರಲಿಲ್ಲ. ಆದರೆ ಅವನ್ನು ದೇಶದ ಅಂಗಡಿಗಳಿಗೆ ತಲುಪಿಸುವ ವಿತರಣೆಯ ಬಲವಿಲ್ಲದೆ 1955ರಲ್ಲಿ ಅದು ಅಟ್ಲಾಂಟಿಕ್ ಕಂಪನಿಯ ಪಾಲಾಯಿತು. ಚಿತ್ರದ ‘ಲಾರೆಲ್’ ಕಂಪನಿಯ ಕಥೆಯನ್ನು ಈ ಗೀತಕಾರರು ಬರೆದವರಲ್ಲ, ಹಾಗಾಗಿ ಇದನ್ನು ಆಕರವೆಂದು ಹೇಳಲಾರೆ. ಆದರೂ ತೆರೆಯ ಮೇಲೆ ವಿನ್ಸ್ ಮತ್ತು ಪೆಗಿ ರೆಕಾರ್ಡು ಹಿಡಿದು ಅಂಗಡಿ, ರೇಡಿಯೊ ಎಂದು ಅಲೆಯುವಾಗ ಅವರ ಬಾಯಲ್ಲಿರುವ ಹಾಡನ್ನು ಬರೆದವರು ಅದೇ ಅಲೆದಾಟ ಪಟ್ಟು ಸೋತವರು. ಸಿನಿಮಾದಲ್ಲಿ ಸಣ್ಣ ಕಂಪನಿ ಗೆಲ್ಲುತ್ತದೆ, ಸ್ಪಾರ್ಕ್ ಗೆಲ್ಲಲಿಲ್ಲ. ಪ್ರೆಸ್ಲಿಯವರ ಬದುಕೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. 1953ರಲ್ಲಿ ಅವರು ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೊದಲ್ಲಿ ಕೈಯಿಂದ ಸುಮಾರು ನಾಲ್ಕು ಡಾಲರ್ ಕೊಟ್ಟು ತಮ್ಮ ಮೊದಲ ರೆಕಾರ್ಡು ಮಾಡಿಸಿಕೊಂಡರು. ಫಿಲಿಪ್ಸ್ ಅವರ ಸನ್ ಕಂಪನಿ 1955ರ ನವೆಂಬರಿನಲ್ಲಿ ಅವರ ಒಪ್ಪಂದವನ್ನು 35,000 ಡಾಲರಿಗೆ ಆರ್.ಸಿ.ಎ. ಎಂಬ ದೊಡ್ಡ ಕಂಪನಿಗೆ ಬಿಟ್ಟುಕೊಟ್ಟಿತು.

ಈಗ ಜಿನೀವಾ ಕಂಪನಿಯ ಕಳವಿನ ಪ್ರಸಂಗ. 1950ರ ದಶಕದ ಅಮೆರಿಕದಲ್ಲಿ ಇದು ಕಲ್ಪನೆಯಾಗಿರಲಿಲ್ಲ, ದಿನನಿತ್ಯದ ವ್ಯಾಪಾರವಾಗಿತ್ತು. ಕಪ್ಪು ಗಾಯಕರ ಹಾಡು ಗೆದ್ದ ಕೂಡಲೇ ದೊಡ್ಡ ಕಂಪನಿಗಳು ಅದನ್ನು ಬಿಳಿಯ ಗಾಯಕರಿಂದ ಹಾಡಿಸುತ್ತಿದ್ದವು. ಫ್ಯಾಟ್ಸ್ ಡೊಮಿನೊ, ಲಿಟ್ಲ್ ರಿಚರ್ಡ್ ಇಬ್ಬರ ಹಾಡುಗಳೂ ಪ್ಯಾಟ್ ಬೂನ್ ಅವರ ಕಂಠದಲ್ಲಿ ಬಿಳಿಯರ ಮನೆಗಳನ್ನು ಹೊಕ್ಕವು. ಪ್ರೆಸ್ಲಿಯವರ ‘ಹೌಂಡ್ ಡಾಗ್’ ಕೂಡ ಲೀಬರ್ ಮತ್ತು ಸ್ಟೋಲರ್ ಮೊದಲು ಬಿಗ್ ಮಾಮಾ ಥಾರ್ನ್‌ಟನ್ ಅವರಿಗಾಗಿ ಬರೆದ ಹಾಡು. ಚಿತ್ರ ಈ ಅನ್ಯಾಯವನ್ನು ಚೆನ್ನಾಗಿಯೇ ಅರಿತಿದೆ. ಶೈಲಿಯನ್ನು ಕದಿಯಬಹುದು, ಕದ್ದದ್ದಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ, ಹಣವಿದ್ದವನೇ ಮೊದಲು ಅಂಗಡಿ ಮುಟ್ಟುತ್ತಾನೆ ಎಂಬುದನ್ನು ಅಷ್ಟು ನೇರವಾಗಿ ತೋರಿಸಿದ ಆ ಕಾಲದ ಹಾಡಿನ ಚಿತ್ರ ಇನ್ನೊಂದು ನನಗೆ ತಿಳಿಯದು. ಆದರೆ ಅನ್ಯಾಯಕ್ಕೆ ಗುರಿಯಾದವನ ಜಾಗದಲ್ಲಿ ಅದು ನಿಲ್ಲಿಸುವುದು ಬಿಳಿಯ ತರುಣನನ್ನು. ಅಮೆರಿಕದ ಜೈಲಿನ ಕಥೆ, ಬ್ಲೂಸ್‌ನಿಂದ ಹುಟ್ಟಿದ ಸಂಗೀತ, ಆದರೂ ಆ ಸಂಗೀತವನ್ನು ಹುಟ್ಟಿಸಿದ ಸಮುದಾಯಕ್ಕೆ ಕಥೆಯಲ್ಲಿ ಮಾತಾಡುವ ಪಾತ್ರವೇ ಇಲ್ಲ. ದೂರು ಉಳಿದಿದೆ, ದೂರುದಾರರನ್ನು ಅಳಿಸಲಾಗಿದೆ. ಚಿತ್ರದ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಪ್ರೆಸ್ಲಿಯವರ ಗಾಯನವನ್ನು ಎಷ್ಟೇ ಮೆಚ್ಚಿದರೂ ಈ ತಕರಾರು ಕಡಿಮೆಯಾಗುವುದಿಲ್ಲ.

ಶೀರ್ಷಿಕೆಗೀತೆಯ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಲೂಸ್‌ನ ವಾಡಿಕೆಯ ಚೌಕಟ್ಟು ಹನ್ನೆರಡು ಬಾರ್‌ಗಳದು. ಇಲ್ಲಿ ಮೊದಲ ನಾಲ್ಕು ಬಾರ್‌ಗಳನ್ನು ಎಂಟಕ್ಕೆ ಹಿಗ್ಗಿಸಿ ಒಂದು ನುಡಿಯನ್ನು ಹದಿನಾರು ಬಾರ್‌ಗಳಿಗೆ ಮುಟ್ಟಿಸಲಾಗಿದೆ. ಹಿಗ್ಗಿದ ಆ ಎಂಟರಲ್ಲಿ ಸ್ಕಾಟಿ ಮೂರ್ ಅವರ ಗಿಟಾರ್ ಅರ್ಧ ಸ್ವರ ಕೆಳಗಿನಿಂದ ಮೇಲಕ್ಕೆ ಜಾರುವ ಎರಡೇ ಕಾರ್ಡ್‌ಗಳನ್ನು ಹೊಡೆದು ಸುಮ್ಮನಾಗುತ್ತದೆ, ಡಿ.ಜೆ. ಫೊಂಟಾನಾ ಅವರ ಡ್ರಮ್ ಕಲ್ಲಿನ ಮೇಲೆ ಬಿದ್ದ ಸುತ್ತಿಗೆಯಂತೆ ಉತ್ತರಿಸುತ್ತದೆ. ಕಂಠಕ್ಕೆ ಆಸರೆಯಿಲ್ಲ. ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಹರಿಯತೊಡಗಿದಾಗ ಸಿಗುವ ಬಿಡುಗಡೆ ಆ ಕಾಯಿಸುವಿಕೆಯ ಫಲ. ಸಾಹಿತ್ಯ ತುಂಟತನದ್ದು. ಡೆಟ್ರಾಯ್ಟಿನ ಪರ್ಪಲ್ ಗ್ಯಾಂಗ್ ಎಂಬ ನಿಜವಾದ ಪಾತಕಿಗಳ ಗುಂಪು ಅದರಲ್ಲಿ ಪಕ್ಕವಾದ್ಯದವರಾಗಿ ಬರುತ್ತದೆ, ಒಬ್ಬ ಕೈದಿ ಇನ್ನೊಬ್ಬನ ಚೆಲುವಿಗೆ ಮರುಳಾಗುತ್ತಾನೆ. ಬರೆದವರು ಕಂಡದ್ದು ಹಾಸ್ಯವನ್ನು. ಪ್ರೆಸ್ಲಿ ಒಂದಿಷ್ಟೂ ನಗದೆ, ಗಂಟಲು ಒರಟಾಗಿಸಿಕೊಂಡು, ಜೀವನ್ಮರಣದ ಪ್ರಶ್ನೆಯೆಂಬಂತೆ ಹಾಡಿದರು. ಹಾಡು ಇಂದಿಗೂ ಹಳತಾಗದಿರುವುದು ಬರವಣಿಗೆ ಒಂದು ಕಡೆಗೆ, ಗಾಯನ ಇನ್ನೊಂದು ಕಡೆಗೆ ಎಳೆಯುವುದರಿಂದ ಎಂಬುದು ನನ್ನ ಅಭಿಪ್ರಾಯ. ನೃತ್ಯದಲ್ಲೂ ಹೀಗೇ ಆಯಿತು. ಸಂಯೋಜಕ ಅಲೆಕ್ಸ್ ರೊಮೇರೊ ಮೊದಲು ಹಾಲಿವುಡ್ ಮಾದರಿಯ ಹೆಜ್ಜೆಗಳನ್ನು ಕಟ್ಟಿದ್ದರು. ಅವು ಪ್ರೆಸ್ಲಿಯವರ ಮೈಗೆ ಒಗ್ಗಲಿಲ್ಲ. ಆಗ ಅವರ ರೆಕಾರ್ಡುಗಳನ್ನೇ ಹಾಕಿ, ಅವರು ವೇದಿಕೆಯಲ್ಲಿ ತಾವಾಗಿ ಹೇಗೆ ಅಲುಗುತ್ತಾರೋ ಹಾಗೆ ಅಲುಗಲು ಹೇಳಿ, ಆ ಚಲನೆಗಳಿಂದಲೇ ದೃಶ್ಯವನ್ನು ಹೆಣೆದರು.

ಮುದ್ರಣದ ಬಹುಭಾಗ ನಡೆದದ್ದು ಹಾಲಿವುಡ್ಡಿನ ರೇಡಿಯೊ ರೆಕಾರ್ಡರ್ಸ್ ಸ್ಟುಡಿಯೊದಲ್ಲಿ, 1957ರ ಏಪ್ರಿಲ್ 30 ಮತ್ತು ಮೇ 3ರಂದು, ಅಂದರೆ ಚಿತ್ರೀಕರಣಕ್ಕೆ ಮೊದಲೇ. ಹಾಡನ್ನು ಮೊದಲು ಮುದ್ರಿಸಿ ಆಮೇಲೆ ಅದಕ್ಕೆ ತುಟಿ ಆಡಿಸುವ ಪದ್ಧತಿ ನಮ್ಮ ಚಿತ್ರರಂಗಕ್ಕೆ ಚಿರಪರಿಚಿತ. ಇಲ್ಲಿ ಗಾಯಕನೂ ನಟನೂ ಒಬ್ಬರೇ. ಗೀತಕಾರರು ಪ್ರೆಸ್ಲಿಯವರನ್ನು ಮೊದಲ ಸಲ ಭೇಟಿಯಾದದ್ದು ಈ ಮುದ್ರಣದಲ್ಲೇ. ಕಪ್ಪು ಸಂಗೀತದ ಬಗ್ಗೆ ಅವರಿಗಿದ್ದ ತಿಳಿವಳಿಕೆ ಕಂಡು ಬೆರಗಾದ ಇಬ್ಬರೂ ಹೆಸರಿಲ್ಲದಿದ್ದರೂ ರೆಕಾರ್ಡಿನ ನಿರ್ಮಾಪಕರ ಕೆಲಸವನ್ನೇ ಮಾಡಿದರು. ಸ್ಟೋಲರ್ ತೆರೆಯ ಮೇಲೂ ಪಿಯಾನೊ ವಾದಕರಾಗಿ ಕಾಣಿಸುತ್ತಾರೆ.

ಮಾರಾಟದ ಲೆಕ್ಕಾಚಾರ ಚಿತ್ರದ ಕಥೆಯಷ್ಟೇ ಕುತೂಹಲದ್ದು. ಅದೇ ವರ್ಷದ ‘ಲವಿಂಗ್ ಯೂ’ ಚಿತ್ರದ ಹಾಡುಗಳು ಒಂದು ಪೂರ್ಣ ಎಲ್.ಪಿ.ಯಾಗಿ ಬಂದಿದ್ದವು. ಅದರ ಎರಡನೆಯ ಬದಿಯನ್ನು ಚಿತ್ರಕ್ಕೆ ಸೇರದ ಹಾಡುಗಳಿಂದ ತುಂಬಲಾಗಿತ್ತು. ‘ಜೈಲ್‌ಹೌಸ್ ರಾಕ್’ನಲ್ಲಿ ಪ್ರೆಸ್ಲಿ ಹಾಡಿದ್ದು ಆರೇ ಹಾಡು. ಸೆಪ್ಟೆಂಬರಿನಲ್ಲಿ ಶೀರ್ಷಿಕೆಗೀತೆ ಮತ್ತು ‘ಟ್ರೀಟ್ ಮಿ ನೈಸ್’ ಒಂದು ಸಿಂಗಲ್ ಆಗಿ ಬಂದವು. ಉಳಿದ ನಾಲ್ಕಕ್ಕೆ ಶೀರ್ಷಿಕೆಗೀತೆಯನ್ನೇ ಮತ್ತೆ ಸೇರಿಸಿ ಅಕ್ಟೋಬರಿನಲ್ಲಿ ಐದು ಹಾಡುಗಳ ಇ.ಪಿ. ಹೊರಟಿತು. ಎಲ್ಲ ಹಾಡು ಬೇಕೆಂದವರು ಎರಡನ್ನೂ ಕೊಳ್ಳಲೇಬೇಕಿತ್ತು. ಸಿಂಗಲ್ ಅಮೆರಿಕದಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. 1958ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಗೆ ನೇರವಾಗಿ ಮೊದಲ ಸ್ಥಾನದಲ್ಲೇ ಪ್ರವೇಶಿಸಿದ ಮೊದಲ ರೆಕಾರ್ಡು ಅದೇ.

ಯಾವ ಮುದ್ರಣವನ್ನು ಮೂಲವೆನ್ನಬೇಕು ಎಂಬ ಪ್ರಶ್ನೆ ಇಲ್ಲಿ ಸಂಶೋಧಕರಿಗೆ ತಪ್ಪದು. ‘ಟ್ರೀಟ್ ಮಿ ನೈಸ್’ ಹಾಡನ್ನು ಸೆಪ್ಟೆಂಬರ್ 5ರಂದು ಮತ್ತೆ ಹಾಡಿ ಮುದ್ರಿಸಲಾಯಿತು. ಹೀಗಾಗಿ ವಿನ್ಸ್ ತನ್ನ ಸ್ವಂತ ಕಂಪನಿಯಿಂದ ಹೊರತರುವ ಹಾಡೂ ಅಭಿಮಾನಿ ಅಂಗಡಿಯಿಂದ ತಂದ ಹಾಡೂ ಬೇರೆಬೇರೆ. ‘ಡೋಂಟ್ ಲೀವ್ ಮಿ ನೌ’ ಇನ್ನೂ ವಿಚಿತ್ರ. ವಿನ್ಸ್ ಟೇಪಿನಲ್ಲಿ ತನ್ನ ಕಂಠವನ್ನು ತಾನೇ ಕೇಳಿ, ಬೇಸರಪಟ್ಟು, ತನ್ನದೇ ರೀತಿಯಲ್ಲಿ ಹಾಡಲು ಕಲಿಯುವುದು ಈ ಹಾಡಿನ ಮೂಲಕ. ಜಿನೀವಾ ಕದಿಯುವುದೂ ಇದನ್ನೇ. ಚಿತ್ರದ ಪಾಲಿಗೆ ಅದು ಒಬ್ಬ ಗಾಯಕ ಹುಟ್ಟುವ ಗಳಿಗೆ. ಆದರೆ ಅದೇ ಹಾಡಿನ ಬೇರೊಂದು ಮುದ್ರಣ ಜುಲೈನಲ್ಲೇ ‘ಲವಿಂಗ್ ಯೂ’ ಎಲ್.ಪಿ.ಯ ಎರಡನೆಯ ಬದಿಯಲ್ಲಿ ಮಾರಾಟವಾಗಿತ್ತು.

ಈಜುಕೊಳದ ಬದಿಯಲ್ಲಿ ಹಾಡುವ ‘ಬೇಬಿ ಐ ಡೋಂಟ್ ಕೇರ್’ ಇದಕ್ಕಿಂತ ಮುಂದೆ ಹೋಗುತ್ತದೆ. ತೆರೆಯ ಮೇಲೆ ತಂಡವೆಲ್ಲ ಸುತ್ತ ನಿಂತು ನುಡಿಸುತ್ತದೆ, ವಿನ್ಸ್ ನಡುವೆ ನಿಂತು ಹಾಡುತ್ತಾನೆ. ಸ್ಟುಡಿಯೊದಲ್ಲಿ ನಡೆದದ್ದು ಬೇರೆ. ಹೊಸದಾಗಿ ಬಂದಿದ್ದ ಎಲೆಕ್ಟ್ರಿಕ್ ಬೇಸ್ ಗಿಟಾರಿನ ಮೇಲೆ ತಂಡದ ಬೇಸ್ ವಾದಕ ಬಿಲ್ ಬ್ಲ್ಯಾಕ್ ಅವರಿಗೆ ಹಿಡಿತ ಸಿಗಲಿಲ್ಲ. ಆರಂಭದ ಆ ಓಡುವ ಸಾಲು ಮತ್ತೆ ಮತ್ತೆ ತಪ್ಪಿದಾಗ ಅವರು ವಾದ್ಯವನ್ನು ಎಸೆದು ಹೊರನಡೆದರು, ಪ್ರೆಸ್ಲಿ ಅದನ್ನು ಎತ್ತಿಕೊಂಡು ತಾವೇ ನುಡಿಸಿದರು ಎಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಕೈ ಬೇಸ್‌ನ ತಂತಿಗಳ ಮೇಲಿದ್ದುದರಿಂದ ಗಾಯನವನ್ನು ಆಮೇಲೆ ಪ್ರತ್ಯೇಕವಾಗಿ ಸೇರಿಸಲಾಯಿತು. ಇಡೀ ಚಿತ್ರದಲ್ಲಿ ಅತ್ಯಂತ ನಿರಾಳವಾಗಿ ಕೇಳಿಸುವ ಈ ಹಾಡಿನಲ್ಲಿ ಕಂಠ ಮತ್ತು ವಾದ್ಯಗಳು ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಇರಲೇ ಇಲ್ಲ.